ಒಂದು ತೊಟ್ಟು ಎಣ್ಣೆ

ಪುಟ್ಟಮಾದಯ್ಯ ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಅವನು ಉಗುರು ನೋಡುತ್ತಿದ್ದ. ಆ ಶನಿವಾರ ಬೆಳಗ್ಗೆ ಯಳಂದೂರಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿ ಕೂತವನು, ಕಂಡಕ್ಟರು ಟಿಕೆಟ್ ಚಾಚಿದಾಗ ಟಿಕೆಟ್ಟನ್ನಲ್ಲ, ಅದನ್ನು ಹಿಡಿದ ಹೆಬ್ಬೆರಳಿನ ಉಗುರಿನ ಬುಡವನ್ನು ನೋಡಿದ. ಉಗುರು ಮುಗಿದು ಚರ್ಮ ಶುರುವಾಗುವ ಆ ತೆಳ್ಳನೆಯ ಅಂಚಿನಲ್ಲಿ ಮೈಯೊಳಗಿನ ಅತಿ ಸಣ್ಣ ರಕ್ತನಾಳಗಳು ತಲೆಗೂದಲಿನ ಪಿನ್ನುಗಳ ಹಾಗೆ ಸಾಲಾಗಿ ಬಗ್ಗಿ ನಿಂತಿರುತ್ತವೆ. ಬರಿಗಣ್ಣಿಗೆ ಅವು ಕಾಣುವುದಿಲ್ಲ, ಆದರೂ ನೋಡುವ ಚಟ ಬಿಡುವುದಿಲ್ಲ. 'ಸಾ, ತಕಳಿ ಸಾ ಟಿಕೆಟ್ಟ' ಎಂದು ಕಂಡಕ್ಟರು ಎರಡನೆಯ ಸಲ ಹೇಳಿದಾಗ ಪಕ್ಕದವನು ನಕ್ಕ. ಪುಟ್ಟಮಾದಯ್ಯನಿಗೆ ಕಿವಿ ಬಿಸಿಯಾಯಿತು. ಪಕ್ಕದವನ ನಗುವಿನಲ್ಲಿ ಏನೂ ಇರಲಿಲ್ಲ, ಬಸ್ಸಿನಲ್ಲಿ ಕೂತವರು ನಗುವ ಹಾಗೆ ನಕ್ಕಿದ್ದ. ಆದರೆ ಬೆಳಗ್ಗೆ ಹೊರಡುವಾಗ ಹೆಂಡತಿ ಪ್ರೇಮಾ ತಲೆಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಇನ್ನೂ ಅಂಗಿಗೆ ಅಂಟಿಕೊಂಡೇ ಇತ್ತು. ಅದನ್ನು ಓದಿಯೇ ನಕ್ಕನೇನೋ ಅನ್ನಿಸಿತು. 'ಇವತ್ತಾದ್ರೂ ಆ ಹೆಂಗಸಿಗೆ ಹೇಳ್ತೀರೋ, ಇಲ್ಲ ಇವತ್ತೂ ಎಣ್ಣೆ ಬಿಟ್ಟು ಕಳಿಸ್ತೀರೋ?' ಪ್ರೇಮಾ ಹೊನ್ನೂರಿನ ಶಾಲೆಯಲ್ಲಿ ಮೇಡಮ್ಮು. ಮಕ್ಕಳನ್ನು ಕೇಳುವ ಹಾಗೆಯೇ ಕೇಳಿದ್ದಳು, ಉತ್ತರ ಗೊತ್ತಿದ್ದುಕೊಂಡು. ಅವನು ಚಪ್ಪಲಿಯ ಪಟ್ಟಿ ಬಿಗಿಮಾಡುತ್ತ 'ಇವತ್ತು ಸೊಸೈಟಿಯವರು ಬರ್ತಾರೆ' ಎಂದಿದ್ದ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೊಸೈಟಿ ಎಂದರೆ ಈ ಸಣ್ಣ ರಕ್ತನಾಳಗಳ ಮೇಲೆ ಸಂಶೋಧನೆ ಮಾಡುವವರ ಸಂಘ. ಹಿಂದೆ ಅವನು ಅದರ ಸದಸ್ಯನಾದ ದಿನ ಹುಟ್ಟೂರು ಅಗರದ ಮನೆಯಲ್ಲಿ ಅಪ್ಪ 'ಹಾಲಿನ ಸೊಸೈಟೀಗಾ?' ಎಂದು ಕೇಳಿ, ಅಲ್ಲ ಎಂದು ತಿಳಿದ ಮೇಲೆ ಒಳಗೊಳಗೇ ಸಪ್ಪಗಾಗಿದ್ದ. ಮೈಸೂರಿನ ಕಾಲೇಜೊಂದರಲ್ಲಿ ಶರೀರಶಾಸ್ತ್ರ ಪಾಠ ಮಾಡುವ ಪುಟ್ಟಮಾದಯ್ಯ ಡಾಕ್ಟರೇ ಹೌದು, ಆದರೆ ಮದ್ದು ಕೊಡುವ ಡಾಕ್ಟರಲ್ಲ. ಪಿಎಚ್‌ಡಿ ಡಾಕ್ಟರು. ಊರಿನವರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಸೊಸೈಟಿಯವರಿಗೆ ಬೇಕಿತ್ತು. ಮೊದಲ ಸಲ ಪುಣೆಯ ಸಮ್ಮೇಳನಕ್ಕೆ ಹೋದಾಗ ಊಟದ ಸಾಲಿನಲ್ಲಿ ಒಬ್ಬರು ಅವನ ಎದೆಯ ಬಿಲ್ಲೆ ಓದಿ, 'ನೀವು ರೋಗಿಗಳನ್ನು ನೋಡುತ್ತೀರಾ?' ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಇಲ್ಲ ಎಂದದ್ದೇ ತಡ, 'ಓ' ಎಂದು ತಟ್ಟೆ ಹಿಡಿದುಕೊಂಡು ಇನ್ನೊಬ್ಬರ ಕಡೆ ತಿರುಗಿದರು. ಆ 'ಓ' ಇವತ್ತಿಗೂ ಊಟದ ನಡುವೆ ಗಂಟಲಿಗೆ ಬಂದು ನಿಲ್ಲುವುದುಂಟು. ಆದರೆ ಅದೇ ಸೊಸೈಟಿ ಎರಡು ವರ್ಷದ ಮೇಲೆ ಅವನ ಚಿತ್ರಗಳನ್ನು ಪರದೆಯ ಮೇಲೆ ಒಂದರ ಹಿಂದೆ ಒಂದು ನೋಡಿ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ 'ಎಂಥ ಚೆಂದ' ಎಂದರು. ಹುಟ್ಟಿದಾಗಿನಿಂದ ಪುಟ್ಟಮಾದಯ್ಯನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಚಿತ್ರಗಳೆಲ್ಲ ಅಜ್ಜೀಪುರದ ಬಸವಮ್ಮನ ಎಡಗೈಯ ಉಂಗುರದ ಬೆರಳಿನವು.

ಅವಳ ಬೆರಳು ಸಿಕ್ಕಿದ್ದು ಆರೋಗ್ಯವಂತರ ಲೆಕ್ಕದಲ್ಲಿ. ಹೊಲಗದ್ದೆ ಕೆಲಸ ಮಾಡುವವರ ಬೆರಳಿನ ನಾಳಗಳು ಹೇಗಿರುತ್ತವೆಂದು ನೋಡಲು ಅವನು ಹನೂರಿನ ಕಡೆಯ ಊರುಗಳಲ್ಲಿ ಮೈಕ್ರೋಸ್ಕೋಪು ಹೊತ್ತು ತಿರುಗುತ್ತಿದ್ದ ಕಾಲ. ಅಜ್ಜೀಪುರದ ಪಂಚಾಯ್ತಿ ಜಗುಲಿಯಲ್ಲಿ ಅವಳು ಸರದಿಗೆ ಬಂದು ಕೂತಳು. ಉಗುರಿನ ಬುಡಕ್ಕೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು ಅವನು ಬಗ್ಗಿ ನೋಡಿದ. ಎಣ್ಣೆ ಬಿಟ್ಟರೆ ಚರ್ಮದ ಮೇಲಿನ ಹೊಳಪು ಅಡಗಿ ಒಳಗಿನದು ಕಾಣುತ್ತದೆ, ಅದರ ಕೆಲಸ ಅಷ್ಟೇ. ಒಳಗೆ ಪಿನ್ನುಗಳ ಸಾಲು ಇರಲಿಲ್ಲ. ಒಂದೊಂದೂ ಹತ್ತರಷ್ಟು ಊದಿಕೊಂಡು, ಕೆಂಪಗೆ, ಬಳುಕಿ ಬಳುಕಿ ನಿಂತಿದ್ದವು. ಪುಸ್ತಕದಲ್ಲಿ ಬಿಟ್ಟರೆ ಅವನು ಅಂಥವನ್ನು ಕಂಡಿರಲಿಲ್ಲ. 'ಎಷ್ಟು ಚೆಂದ' ಎಂದು ಬಾಯಿಬಿಟ್ಟೇ ಅಂದ. ಬಸವಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. 'ನನ್ ಬೆಳ್ಳಾ ಸಾ? ಈ ಬೆಳ್ಳ ಚೆಂದ ಅಂದೋರು ನೀವೊಬ್ರೇಯ.' ಚೆಂದವಲ್ಲ ಅದು. ಮೈ ಚರ್ಮವೆಲ್ಲ ನಿಧಾನಕ್ಕೆ ಬಿಗಿದು ಗಟ್ಟಿಯಾಗಿ, ಬೆರಳ ತುದಿಗಳು ಸತ್ತು, ಕೊನೆಗೆ ಉಸಿರಿನ ಚೀಲವೂ ಬಿಗಿದುಹೋಗುವ ಕಾಯಿಲೆಯ ಮೊದಲ ಗುರುತು. ಪೂರ್ತಿ ಗುಣವಾಗುವಂಥದ್ದಲ್ಲ, ಆದರೆ ಮಾತ್ರೆಗಳಿವೆ. ಹೊತ್ತಿಗೆ ಶುರುಮಾಡಿದರೆ ಬೆರಳು ಉಳಿಯುತ್ತವೆ, ಉಸಿರು ವರ್ಷಗಟ್ಟಲೆ ಉಳಿಯುತ್ತದೆ. ಇದೆಲ್ಲ ಅವನಿಗೆ ಆ ಜಗುಲಿಯ ಮೇಲೇ ಗೊತ್ತಿತ್ತು. ಅವನು ಹೇಳಿದ್ದು ಮಾತ್ರ, 'ಮುಂದಿನ ತಿಂಗಳು ಕೊಳ್ಳೇಗಾಲಕ್ಕೆ ಬನ್ನಿ, ಇನ್ನೊಂದು ಸಲ ನೋಡ್ತೀನಿ.'

ಅವಳು ಬಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಬರುವುದಕ್ಕೇನು ಅಡ್ಡಿ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ, ಮೊದಲು ನೂಲು ತೆಗೆಯುತ್ತಿದ್ದ ಕಟ್ಟಡದಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಕೋಣೆ. ನೋಡುವ ಮುಂಚೆ ಕಾಫಿ ಟೀ ಕುಡಿಯಬಾರದು, ಬಂದವರು ಅರ್ಧ ಗಂಟೆ ಕೈ ತೊಡೆಯ ಮೇಲಿಟ್ಟುಕೊಂಡು ಬೆಚ್ಚಗೆ ಸುಮ್ಮನೆ ಕೂತಿರಬೇಕು, ಇಲ್ಲದಿದ್ದರೆ ನಾಳಗಳು ಮುದುಡಿಕೊಳ್ಳುತ್ತವೆ. ದೂಳು ಬರಬಾರದೆಂದು ಚಪ್ಪಲಿ ಹೊರಗೆ. ಇವು ಸೊಸೈಟಿ ಮಾಡಿದ ಕಟ್ಟಳೆಗಳು. ಬಸವಮ್ಮ ಕಾಫಿ ಬೇಡ ಎಂದರೆ ಒಂದು ಹೊತ್ತು ಇರಬೇಕು ಎಂದುಕೊಂಡಳು. ತಲೆಗೆ ನೀರು ಹಾಕಿಕೊಂಡು, ಹಸಿದುಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಬರತೊಡಗಿದಳು. ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮಾತಿಲ್ಲದೆ ಕೂರುವಳು. ಆಮೇಲೆ ಎಣ್ಣೆಯ ತೊಟ್ಟು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಇಷ್ಟು ನೇಮದಿಂದ ಇರುತ್ತಾರೋ ಇಲ್ಲವೋ. 'ಎಣ್ಣೆ ಬಿದ್ದ ಮ್ಯಾಕೆ ಒಸಿ ಅಗುರಾದಂಗದೆ' ಎಂದು ಎರಡನೆಯ ತಿಂಗಳೇ ಹೇಳಿದಳು. ಅಲ್ಲಮ್ಮ, ಇದು ಮದ್ದಲ್ಲ ಎನ್ನಲು ಅವನು ತಲೆಯೆತ್ತಿದ. ಅಷ್ಟರಲ್ಲಿ ಅವಳು 'ನಿಮ್ ಕೈಗುಣ ಸಾ' ಎಂದುಬಿಟ್ಟಳು. ಕೈಗುಣ. ಆ ಮಾತು ಅವನ ಮೈಯಲ್ಲಿ ಬಿಸಿನೀರಿನಂತೆ ಇಳಿಯಿತು. ಹಾಗೆಂದು ಒಂದು ಜನ್ಮದಲ್ಲಿ ಒಬ್ಬರಾದರೂ ಹೇಳಿದ್ದರೆ ತಾನೇ, ಅದನ್ನು ಬೇಡವೆನ್ನಲು.

ಒಂದು ಸಲ ಹೇಳಿದ. ಹೇಳಲಿಲ್ಲ ಎನ್ನುವ ಹಾಗಿಲ್ಲ, ಅದೇ ಅವನನ್ನು ಇಷ್ಟು ದಿನ ಕಾಪಾಡಿಕೊಂಡು ಬಂದ ಮಾತು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ, ಹನೂರಿನ ಬಸ್ಸು ಹಿಂದಕ್ಕೆ ಬರುತ್ತಿದ್ದಾಗ, ಜನ ಸೀಟಿಗೆಂದು ಕಿಟಕಿಯೊಳಕ್ಕೆ ಟವೆಲು ಎಸೆಯುತ್ತಿದ್ದಾಗ, 'ಮೈಸೂರಿಗೆ ಹೋಗಿ ಒಂದು ಸಲ ತೋರಿಸಿ ಬಸವಮ್ಮ' ಎಂದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು 'ಮೈಸೂರ್ಗೆ ಯಾಕ್ ಸಾ, ನಿಮ್ ಮದ್ದು ನಾಟ್ತಾ ಅದಲ್ಲ' ಎಂದಳು. ಬಸ್ಸು ಹೋಯಿತು. ಪುಟ್ಟಮಾದಯ್ಯ ಒಂದು ಕಂಬಕ್ಕೆ ಒರಗಿ ನಿಂತ. ಎದೆಯ ಮೇಲಿಂದ ಏನೋ ಇಳಿದ ಹಾಗೆ ಹಗುರವಾಗಿತ್ತು. ಅವಳು ಮೈಸೂರಿಗೆ ಹೋಗಿದ್ದರೆ ಮಾತ್ರೆ ಶುರುವಾಗುತ್ತಿತ್ತು. ಮಾತ್ರೆ ಮುಟ್ಟದ ಬೆರಳಿನಲ್ಲಿ ಕಾಯಿಲೆ ತಾನೇ ತಾನಾಗಿ ನಡೆದುಹೋಗುವುದನ್ನು ತಿಂಗಳು ತಿಂಗಳೂ ಹಿಡಿದಿಟ್ಟ ಅವನ ಚಿತ್ರಮಾಲೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳದೆ ಇದ್ದದ್ದಕ್ಕೆ ಅವನಿಗೆ ನಾಚಿಕೆಯಿರಲಿಲ್ಲ, ಹೇಳಿದ್ದನಲ್ಲ. ಕಂಬಕ್ಕೆ ಒರಗಿದಾಗಿನ ಆ ಹಗುರ ಇದೆಯಲ್ಲ, ಅದನ್ನು ಮಾತ್ರ ಪ್ರೇಮಾಳಿಗೆ ಹೇಳಿರಲಿಲ್ಲ.

ಆ ಶನಿವಾರ ಕೋಣೆಯ ಬೀಗ ತೆಗೆಯಲು ಹೋದರೆ ಬಸವಮ್ಮ ಆಗಲೇ ಜಗುಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಹುಡುಗಿ. 'ನನ್ ಮಗ್ಳು ರಾಣಿ ಕಣಪ್ಪ. ಇಲ್ಲೇ ಸೀರೆ ಅಂಗ್ಡೀಲಿ ಕೆಲ್ಸುಕ್ಕೆ ಸೇರವ್ಳೆ. ಇವತ್ತು ರಜ ಆಕಿ ಬಂದವ್ಳೆ.' ಸಾ ಎನ್ನುತ್ತಿದ್ದವಳು ಯಾವಾಗಲೋ ಅಪ್ಪಾ ಎನ್ನಲು ಶುರುಮಾಡಿದ್ದಳು. ಮುಖ ನೋಡದ ಪುಟ್ಟಮಾದಯ್ಯ ಇವತ್ತು ಯಾಕೋ ಅವಳ ಮುಖ ನೋಡಿದ. ಮೂಗು ಚೂಪಾಗಿತ್ತು. ಬಾಯಿ ಸಣ್ಣಗೆ ಎಳೆದುಕೊಂಡು ಸುತ್ತಲೂ ನಿರಿಗೆ ಬಿದ್ದಿತ್ತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದ ಹೆಂಗಸು ಇವಳೇನಾ? ಈಗ ಅವಳಿಗೆ ನಗಲು ಆಗುತ್ತಿರಲಿಲ್ಲ, ಚರ್ಮ ಬಿಡುತ್ತಿರಲಿಲ್ಲ. ಎಡಗೈಗೆ ಹಳೆಯ ಪಂಚೆಯ ಚೂರು ಸುತ್ತಿತ್ತು. 'ಒಸಿ ಕಪ್ಪಗಾಗದೆ' ಎಂದು ಬಿಚ್ಚಿ ತೋರಿಸಿದಳು. ತೋರುಬೆರಳಿನ ತುದಿ ಇದ್ದಲಾಗಿತ್ತು, ಪಕ್ಕದಲ್ಲಿ ಕೀವು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಅವ್ವ ಅಗರದಲ್ಲಿ ಮಾತುಮಾತಿಗೂ ಅನ್ನುತ್ತಿದ್ದಳು. ತಾನು ಮೂರು ವರ್ಷ ಮೈಕ್ರೋಸ್ಕೋಪು ಹಿಡಿದಿದ್ದ. 'ನೋವಿದೆಯಾ?' ಎಂದ. 'ನೋವು ಇರ್ಲೇಬೇಕಲ್ಲಪ್ಪ. ಮೆಟ್ಲು ಅತ್ತುದ್ರೆ ಉಸ್ರು ಇಡ್ಕತದೆ, ಅದ್ಕೂ ನಿನ್ ತಾವ ಏನಾರ ಅದಾ?' ಅವನು ಬೀಗದ ಕೈಯನ್ನು ತಿರುವುತ್ತಲೇ ಇದ್ದ. ಬೀಗ ಆಗಲೇ ಬಿಚ್ಚಿತ್ತು. ಈಗ ಹೇಳಬೇಕು ಎಂದುಕೊಂಡ. ಒಳಗೆ ಕೂತ ಮೇಲೆ ಹೇಳುತ್ತೇನೆ ಎಂದುಕೊಂಡ. ಸೊಸೈಟಿಯ ಅಧ್ಯಕ್ಷೆ ಬಂದುಹೋಗಲಿ, ಆಮೇಲೆ ಹೇಳಿಯೇ ಬಿಡುತ್ತೇನೆ, ನಾನೇ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದುಕೊಂಡ. ರಾಣಿ ಅವನನ್ನೇ ನೋಡುತ್ತಿದ್ದಳು.

ಅಧ್ಯಕ್ಷೆ ಮೈಸೂರಿನಿಂದ ಕಾರಿನಲ್ಲಿ ಬಂದರು. ನರೆತ ಕೂದಲನ್ನು ಕತ್ತರಿಸಿಕೊಂಡ, ನೂಲಿನ ಸೀರೆಯ, ಮಾತು ಕಡಿಮೆಯ, ಕನ್ನಡ ಬಾರದ ಪುಣೆ ಕಡೆಯ ಹಿರಿಯ ವೈದ್ಯೆ. ಸೊಸೈಟಿ ಪ್ರತಿವರ್ಷ ಒಬ್ಬರಿಗೆ ಕೊಡುವ ಫೆಲೋ ಪದವಿಗೆ ಈ ವರ್ಷ ಪುಟ್ಟಮಾದಯ್ಯನ ಹೆಸರು ಮೇಲಿತ್ತು. ಆ ಪದವಿ ಇದುವರೆಗೆ ರೋಗಿ ನೋಡದವನಿಗೆ ಹೋದದ್ದಿಲ್ಲ. ಅವರು ಚಪ್ಪಲಿ ಹೊರಗೆ ಬಿಟ್ಟದ್ದನ್ನು ನೋಡಿ ಬಸವಮ್ಮನಿಗೆ ಖುಷಿಯಾಯಿತು. ಅವನು ಎಣ್ಣೆಯ ಸೀಸೆ ತೆಗೆದು ತೊಟ್ಟು ಬಿಟ್ಟ. ಅಧ್ಯಕ್ಷೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅಲ್ಲಿ ಈಗ ಏನೂ ಇರಲಿಲ್ಲ. ಊದಿದ ನಾಳಗಳು ಒಡೆದು, ರಕ್ತ ಚೆಲ್ಲಿ, ಒಂದೊಂದಾಗಿ ಅಳಿಸಿಹೋಗಿ ಮಾಸಲು ಬಯಲೊಂದು ಉಳಿದಿತ್ತು. 'ಮೂರು ವರ್ಷ,' ಎಂದರು ಇಂಗ್ಲಿಷಿನಲ್ಲಿ, ತಲೆಯೆತ್ತದೆ. 'ಒಂದು ಮಾತ್ರೆಯೂ ಇಲ್ಲದೆ. ಇಂಥ ಮಾಲೆ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ ಡಾಕ್ಟರ್ ಮಾದಯ್ಯ.' ಆಮೇಲೆ ತಲೆಯೆತ್ತಿ ಬಸವಮ್ಮನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಕಪ್ಪು ತುದಿಯನ್ನು ಮುಟ್ಟದೆ ನೋಡಿ, 'ಯಾಕೆ ಇಲ್ಲ? ಚಿಕಿತ್ಸೆ ಯಾಕೆ ಇಲ್ಲ?' ಎಂದರು. ಪುಟ್ಟಮಾದಯ್ಯ 'ಶಿ ರೆಫ್ಯೂಸ್ಡ್' ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು, ಸುಳ್ಳಲ್ಲವಲ್ಲ ಅದು. ಅಧ್ಯಕ್ಷೆ ಕೈ ಬಿಡಲಿಲ್ಲ. 'ನನ್ನ ಎದುರಿಗೆ ಇನ್ನೊಂದು ಸಲ ಕೇಳಿ. ಚಿಕಿತ್ಸೆ ಇದೆ, ಮೈಸೂರಿಗೆ ಬರುತ್ತಾಳಾ ಕೇಳಿ.'

ಕೋಣೆಯಲ್ಲಿ ಫ್ಯಾನು ಇರಲಿಲ್ಲ, ಗಾಳಿ ತಾಕಿದರೆ ಬೆರಳು ತಣ್ಣಗಾಗುತ್ತದೆಂದು ತೆಗೆಸಿದ್ದ. ಬೆನ್ನಿನಲ್ಲಿ ಬೆವರು ಇಳಿಯಿತು. ಬಸವಮ್ಮ ಮುಖವೆತ್ತಿ ಅವನ ಬಾಯನ್ನೇ ನೋಡುತ್ತಿದ್ದಳು, ಅಲ್ಲಿಂದ ಏನು ಬಿದ್ದರೂ ಸೆರಗೊಡ್ಡಿ ಹಿಡಿದುಕೊಳ್ಳುವವಳ ಹಾಗೆ. ಈಗ ಕೇಳಿದರೆ ಇವಳು, ಮೂರು ವರ್ಷದಿಂದ ನೀವೇ ಮದ್ದು ಹಾಕುತ್ತಿದ್ದೀರಲ್ಲ ಎನ್ನುತ್ತಾಳೆ. ಅದನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು. ಊಟದ ಸಾಲಿನ ಆ 'ಓ' ಗಂಟಲಿಗೆ ಬಂತು. 'ಬಸವಮ್ಮ, ಮೇಡಮ್ಮು ಕೇಳ್ತಿದ್ದಾರೆ,' ಎಂದ, 'ಇಲ್ಲಿಗೆ ಬರೋದಕ್ಕೆ ನಿಮಗೆ ಕಷ್ಟ ಆಗುತ್ತಾ ಅಂತ.' ಬಸವಮ್ಮ ಅಧ್ಯಕ್ಷೆಯ ಕಡೆ ತಿರುಗಿ, ಅಗಲಿಸಲಾಗದ ಬಾಯಿಂದಲೇ ಮನಸ್ಸು ಬಿಚ್ಚಿ ಮಾತಾಡಿದಳು. 'ಏನ್ ಕಷ್ಟ ಕಣವ್ವ. ಬಸ್ಸು ಪುಕ್ಕಟೆ. ಇಲ್ಲಿ ಬಂದು ಕೂತ್ರೆ ಯಾರೂ ಕೆಲ್ಸ ಯೋಳಕಿಲ್ಲ, ಒಸಿ ಒತ್ತು ನೆಮ್ದಿ. ನಿಮ್ ಡಾಕ್ಟ್ರು ದೇವ್ರಂಥೋರು. ಇವರು ಇರಗಂಟ ನಾನು ಇನ್ನೆಲ್ಗೂ ಓಗಕಿಲ್ಲ.' ಅಧ್ಯಕ್ಷೆ ಅವನ ಕಡೆ ನೋಡಿದರು. ಅವನು ಆ ಮಾತಿನ ತುದಿಯನ್ನು ಮಾತ್ರ ಕಿತ್ತುಕೊಂಡು, 'ಇನ್ನೆಲ್ಲಿಗೂ ಹೋಗುವುದಿಲ್ಲ ಎನ್ನುತ್ತಾಳೆ' ಎಂದ. ಅವರು ನಿಟ್ಟುಸಿರು ಬಿಟ್ಟು, ಬಸವಮ್ಮನ ಕೈಯನ್ನು ಮೆಲ್ಲಗೆ ಅವಳ ತೊಡೆಯ ಮೇಲೆ ಇಟ್ಟರು. ಕಾರಿನ ತನಕ ಹೋದ ಪುಟ್ಟಮಾದಯ್ಯನಿಗೆ, 'ಕಷ್ಟ. ಆದರೂ ಕೇಳುತ್ತಲೇ ಇರಿ' ಎಂದರು. ಬಾಗಿಲು ಹಾಕಿಕೊಳ್ಳುವ ಮುಂಚೆ, 'ಡಿಸೆಂಬರಿಗೆ ಪುಣೆಗೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ' ಎಂದರು. ಫೆಲೋ ಆದವರಿಗೆ ಮಾತ್ರ ಹಾಗೆ ಹೇಳುವುದು ಎಂದು ಅವನಿಗೆ ಗೊತ್ತಿತ್ತು. ಕಾರು ಮಾರುಕಟ್ಟೆಯ ತಿರುವು ದಾಟುವವರೆಗೂ ಬಿಸಿಲಲ್ಲಿ ಕೈಮುಗಿದುಕೊಂಡೇ ನಿಂತಿದ್ದ.

ಒಳಗೆ ಬಂದರೆ ರಾಣಿ ಎದ್ದು ನಿಂತಿದ್ದಳು. 'ಸಾ, ನಮ್ಮವ್ವ ಯಾವಾಗ ಬ್ಯಾಡ ಅಂದ್ಲು?'

'ಏನು ಬೇಡ ಅಂದಳು?'

'ಟ್ರೀಟ್ಮೆಂಟು. ನೀವು ರೆಫ್ಯೂಸ್ಡು ಅಂದ್ರಲ್ಲ. ಆ ಮೇಡಮ್ಮು ಮೈಸೂರು ಅಂದ್ರು. ನೀವು ಅವ್ವುನ್ನ ಕೇಳಿದ್ದೇ ಬ್ಯಾರೆ. ಪಿಯುಸಿ ಓದಿವ್ನಿ ಸಾ, ಅಷ್ಟು ಗೊತ್ತಾಯ್ತದೆ.'

'ಸುಮ್ಕಿರು ಕೂಸೆ,' ಎಂದು ಬಸವಮ್ಮ ಮಗಳ ಲಂಗದ ತುದಿ ಹಿಡಿದು ಎಳೆದಳು. 'ದೊಡ್ಡೋರ್ ಜೊತೇಲಿ ಮಾತಾಡದ್ನ ಕಲಿ.'

ಪುಟ್ಟಮಾದಯ್ಯ ಎಣ್ಣೆಯ ಸೀಸೆ ಕೈಗೆತ್ತಿಕೊಂಡ. ಎದುರಿಗೆ ನಿಂತ ಹುಡುಗಿಯ ಕಣ್ಣಲ್ಲಿ ಇನ್ನೂ ಸಿಟ್ಟು ಗಟ್ಟಿಯಾಗಿರಲಿಲ್ಲ, ಕೇಳಿದ್ದು ತಪ್ಪಾಗಿದ್ದರೆ ಸಾಕು ಎನ್ನುವ ಆಸೆ ಅದರೊಳಗೆ ಇತ್ತು. ಅದೇ ಅವನಿಗೆ ತಡೆಯದಾಯಿತು. 'ಬಸವಮ್ಮ, ಇದು ಮದ್ದಲ್ಲ,' ಎಂದ. 'ಬರೀ ಹರಳೆಣ್ಣೆ. ಅಂಗಡಿಯದು.' ಹೇಳಿಬಿಟ್ಟೆ ಎಂದುಕೊಂಡ. ಮೂರು ವರ್ಷದ ಮೇಲೆ ಬಾಯಿಂದ ಹೊರಟ ಮಾತು ಕೋಣೆಯ ಗೋಡೆಗೆ ತಾಕಿ ಕೆಳಗೆ ಬೀಳುವುದನ್ನು ಕಾದು ನಿಂತ.

'ಅಯ್ಯೋ, ಗೊತ್ತು ಬುಡಪ್ಪ,' ಎಂದಳು ಬಸವಮ್ಮ. 'ಅಳ್ಳೆಣ್ಣೆ ವಾಸ್ನೆ ನಂಗೊತ್ತಾಗಕಿಲ್ವಾ? ಮನೇಲೂ ಅದೆ. ಮನೇಲಿ ನಾನೇ ಬುಟ್ಕಂಡ್ರೆ ನಾಟಕಿಲ್ಲ. ನಿನ್ ಕೈಲಿ ಬಿದ್ರೇ ನಾಟ್ತದೆ. ಎಣ್ಣೇಲಿ ಏನದೆ, ಇರೋದೆಲ್ಲ ಕೈಲೇಯ.'

ಇನ್ನೊಂದು ಮಾತು ಉಳಿದಿತ್ತು. ನಾಳೆಯೇ ಮೈಸೂರಿಗೆ ಹೋಗಬೇಕು ಎನ್ನುವ ಮಾತು. ಅದು ಬರಲಿಲ್ಲ. ಬದಲಿಗೆ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿದಾಗಿನ ಅದೇ ಹಗುರ, ಕರೆಯದೆ ಬರುವ ನೆಂಟನ ಹಾಗೆ, ಎದೆಯೊಳಗೆ ಬಂದು ಕೂತಿತು. ಥೂ ನಿನ್ನ ಎಂದು ತನ್ನನ್ನೇ ಉಗಿದುಕೊಂಡ. ಉಗಿದುಕೊಂಡರೂ ಅದು ಹೋಗಲಿಲ್ಲ. ಬಸವಮ್ಮ ಮಗಳ ರಟ್ಟೆ ಹಿಡಿದು ಮುಂದಕ್ಕೆ ದೂಡಿದಳು. 'ಇವ್ಳಿಗೂ ಒಂದ್ ತೊಟ್ಟು ಬುಡಪ್ಪ. ಅದ್ಕೇ ಕರ್ಕಬಂದಿದ್ದು. ಒತ್ತಾರೆ ತಣ್ಣೀರ್ಗೆ ಕೈ ಆಕುದ್ರೆ ಬೆಳ್ಳೆಲ್ಲ ಬಿಳುಪೇರ್ತವೆ ಅಂತಾಳೆ. ನಂಗೂ ಮದ್ಲು ಅಂಗೇ ಆಗ್ತಿತ್ತು. ಏನೂ ಇಲ್ಲ ಅಂತ ಒಂದ್ ಮಾತು ನೋಡಿ ಯೋಳ್ಬುಡು, ಇವ್ಳ ಅನುಮಾನನೂ ಓಯ್ತದೆ.'

ರಾಣಿ ಕೂತಳು. ಕೈ ಚಾಚಿದಳು, ಆದರೆ ಕೈಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಬಾಯಿಂದ ಏನು ಬಂದರೂ ನಂಬುವುದಿಲ್ಲ, ಮುಖದಲ್ಲಿ ಏನು ಕಾಣುತ್ತದೋ ಅದನ್ನು ಮಾತ್ರ ನಂಬುತ್ತೇನೆ ಎನ್ನುವ ಹಾಗೆ. ಎಳೆಯ ಬೆರಳು, ಸೀರೆ ಮಡಿಸಿ ಮಡಿಸಿ ನುಣುಪಾದದ್ದು. ಅವನು ತೊಟ್ಟು ಬಿಟ್ಟ. ಏನೂ ಇರಬಾರದು ದೇವರೇ ಎಂದುಕೊಂಡ. ನಿಜವಾಗಿ ಅಂದುಕೊಂಡ, ಅದರಲ್ಲಿ ಮೋಸವಿರಲಿಲ್ಲ. ಪಿನ್ನುಗಳ ಸಾಲು ನೆಟ್ಟಗಿರಲಿ, ಇಬ್ಬರನ್ನೂ ಈಗಲೇ ಕರೆದುಕೊಂಡು ಮೈಸೂರಿಗೆ ಹೋಗುತ್ತೇನೆ, ಪುಣೆಯೂ ಬೇಡ ಏನೂ ಬೇಡ ಎಂದುಕೊಂಡು ಬಗ್ಗಿದ. ತಿರುಪು ತಿರುಗಿಸಿದ. ಮಂಜು ಸರಿದು ಒಳಗಿನದು ತಿಳಿಯಾಯಿತು. ಸಾಲಿನ ನಡುವೆ ಒಂದು ನಾಳ ಊದಿತ್ತು. ಅದರ ಪಕ್ಕ ಇನ್ನೊಂದು. ಆಚೆ ಮೂರನೆಯದು, ಈಗಷ್ಟೇ ಉಬ್ಬತೊಡಗಿದ್ದು, ತುದಿ ಬಳುಕಿ, ಕೆಂಪಗೆ ತುಂಬಿ. ಇಷ್ಟು ಮೊದಲಲ್ಲಿ ಇದನ್ನು ಯಾರೂ ಹಿಡಿದಿಲ್ಲ. ತಾಯಿಯಲ್ಲಿ ಕೊನೆ, ಮಗಳಲ್ಲಿ ಶುರು.

ಅವನು ತಲೆಯೆತ್ತಿದಾಗ ರಾಣಿಯ ಬಿಗಿದ ಹೆಗಲು ಸಡಿಲವಾಗುತ್ತಿತ್ತು. ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ.

'ನಗಾಡ್ತಾವ್ರೆ ಕಣವ್ವ,' ಎಂದಳು ರಾಣಿ ತಾಯಿಯ ಕಡೆ ತಿರುಗಿ. 'ಏನೂ ಇಲ್ಲ.'

'ಯೋಳ್ನಿಲ್ವಾ ನಾನು,' ಎಂದು ಬಸವಮ್ಮ ಕೈಗೆ ಪಂಚೆಯ ಚೂರು ಸುತ್ತಿಕೊಂಡು, ಗೋಡೆ ಹಿಡಿದು ಎದ್ದಳು. ಉಸಿರು ಹಿಡಿಯಿತು, ನಿಂತು ಸುಧಾರಿಸಿಕೊಂಡಳು. ಅವನು ತನ್ನ ಮುಖವನ್ನು ಮುಟ್ಟಿ ನೋಡಿಕೊಂಡ. ಕೆನ್ನೆ ಮೇಲಕ್ಕೆ ಏರಿತ್ತು, ಬಾಯಿ ಹಲ್ಲು ಬಿಟ್ಟಿತ್ತು. ಇಳಿಸಲು ನೋಡಿದ. ತಾಯಿ ಮಗಳು ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಚಪ್ಪಲಿ ಮೆಟ್ಟಿದರು. ರಾಣಿ ಜಗುಲಿ ಇಳಿಯುವ ಮುಂಚೆ ತಿರುಗಿ, ಸಂಕೋಚದಿಂದ, ಆಗ ದುಡುಕಿ ಮಾತಾಡಿದ್ದಕ್ಕೆ ತಪ್ಪಾಯಿತು ಎನ್ನುವವಳ ದನಿಯಲ್ಲಿ ಕೇಳಿದಳು.

'ಮುಂದಿನ್ ತಿಂಗ್ಳು ನಾನೂ ಬರ್ಬೇಕಾ ಸಾ?'

'ಬಾ,' ಎಂದ ಪುಟ್ಟಮಾದಯ್ಯ. 'ಕಾಫಿ ಕುಡಿಯದೆ ಬಾ.'